ಎಡಗೈಯ ಲೆಕ್ಕ

ಓಟಿ ಅಂದರೆ ಆಪರೇಷನ್ ಥಿಯೇಟರ್ ಅಂದುಕೊಂಡು
ಮದುವೆ ಮನೆಯಲ್ಲಿ ದೊಡ್ಡಮಾವ ನನ್ನನ್ನು ನರ್ಸ್ ಮಾಡಿದರು.
ಅಲ್ಲ, ಔದ್ಯೋಗಿಕ ಚಿಕಿತ್ಸೆ ಅಂದೆ.
ಹಾಗಾದರೆ ನಮ್ಮ ನಿಶಾನ್‌ಗೊಂದು ಉದ್ಯೋಗ ಕೊಡಿಸು ಅಂದರು.
ಎರಡು ವರ್ಷದ ಎಂಓಟಿ, ಅದರ ಮೇಲೊಂದು ಸಾಲ;
ಹೆಸರು ಬಿಡಿಸಿ ಹೇಳುವುದರಲ್ಲೇ
ಮೊದಲ ಸೆಮಿಸ್ಟರ್ ಮುಗಿದಿತ್ತು.

ಅತ್ತಾವರದ ಆ ಕೋಣೆಯಲ್ಲಿ ಔಷಧಿಯ ವಾಸನೆ ಇಲ್ಲ.
ಒಂದು ಒಲೆ, ನಾಲ್ಕು ನಮೂನೆಯ ಬೀಗ,
ಗುಂಡಿ ಹಾಕಿ ತೆಗೆಯಲಿಕ್ಕೊಂದು ಯಾರದೂ ಅಲ್ಲದ ಅಂಗಿ,
ಒಂಬತ್ತು ತೂತಿನ ಹಲಗೆ, ಒಂಬತ್ತು ಕಡ್ಡಿ.
ದೂಮಣ್ಣ ಬಾಗಿಲಲ್ಲೇ ನಿಂತು ನೋಡಿ
"ಇದು ಬಾಲವಾಡಿಯಾ ಟೀಚರ್?" ಅಂದರು.
ಆಮೇಲೆ ನಾನು ಟೀಚರೇ.

ಕುಂಜತ್ತಬೈಲು ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರು.
ಪಾರ್ಶ್ವವಾಯು. ಎಡಗೈ.
"ಪುಣ್ಯಕ್ಕೆ ಎಡಗೈ" ಎಂದು ಡಾಕ್ಟರು ಹೇಳಿದ್ದು
ಡಿಸ್ಚಾರ್ಜ್ ಚೀಟಿಗಿಂತ ಮೊದಲೇ ಮನೆ ಮುಟ್ಟಿತ್ತು.

"ಪುಣ್ಯವಾ? ಬಲಗೈ ಬರೀ ತೆಗೆದುಕೊಳ್ಳುವುದು, ಟೀಚರ್.
ಹಿಡಿಯುವುದು ಎಡಗೈ.
ತೋರುಬೆರಳ ಸಂದಿಗೆ ಹತ್ತು, ಅದರಾಚೆ ಇಪ್ಪತ್ತು,
ಐವತ್ತು ಕಿರುಬೆರಳ ಹತ್ತಿರ, ಉದ್ದುದ್ದ ಮಡಚಿ.
ಅಂಗೈಯಲ್ಲಿ ಚಿಲ್ಲರೆ.
ಲಾಲ್‌ಬಾಗಿನ ತಿರುವಿನಲ್ಲಿ ಬಸ್ಸು ಹೇಗೆ ವಾಲಿದರೂ
ಒಂದು ನೋಟು ಅಲ್ಲಾಡಿದ್ದಿಲ್ಲ."

ನನ್ನ ಪ್ರಬಂಧಕ್ಕೆ ಸೆಕೆಂಡು ಬೇಕು, ಕಿಲೋ ಬೇಕು.
ಹಿಡಿತ: ಆರು ಕಿಲೋ.
ಕಡ್ಡಿ ನೆಟ್ಟು ಕಿತ್ತದ್ದು: ತೊಂಬತ್ತೊಂದು ಸೆಕೆಂಡು.
ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನು
ಅವರ ಮಣಿಕಟ್ಟಿಗೆ ಸುತ್ತಿ, ಅದು ಗಟ್ಟಿಯಾಗುವವರೆಗೆ
ಮೂರು ನಿಮಿಷ ಕೈ ಹಿಡಿದು ಕೂತೆವು,
ಒಂದೇ ಸೀಟಿನ ಅಪರಿಚಿತರ ಹಾಗೆ ಆಚೆ ನೋಡುತ್ತ.
ಆರನೆಯ ವಾರ: ಎಂಬತ್ತೆಂಟು ಸೆಕೆಂಡು.
ಸಂಖ್ಯಾಶಾಸ್ತ್ರ ಅದನ್ನು ಏನೂ ಅಲ್ಲ ಅನ್ನುತ್ತದೆ.

ಆ ಶುಕ್ರವಾರ ಕಡ್ಡಿಗಳನ್ನು ಡಬ್ಬಿಗೆ ಹಾಕಿ
ನನ್ನ ಪರ್ಸ್ ಮೇಜಿನ ಮೇಲೆ ಸುರಿದೆ.
ಬಲಗೈಯಲ್ಲಿ ಅವರೇ ಒಂದೊಂದಾಗಿ ಮಡಚಿ
ಎಡಗೈಗೆ ಸಿಕ್ಕಿಸಿದರು.
ಐವತ್ತು ಬಿತ್ತು. ಮತ್ತೆ ಬಿತ್ತು.
ಮೂರನೆಯ ಸಲ ಕಿರುಬೆರಳು,
ನನ್ನ ಯಾವ ಮಾಪಕಕ್ಕೂ ಸಿಕ್ಕದ ಕಿರುಬೆರಳು,
ಒಳಕ್ಕೆ ಬಂದು ನೋಟನ್ನು ಒತ್ತಿ ನಿಂತಿತು.
ದೂಮಣ್ಣ ಗೋಡೆಗೆ ಎರಡು ಸಲ ಬಡಿದರು:
"ರೈಟ್, ಪೋಯಿ!"
ಪಕ್ಕದ ಮೇಜಿನ ಮಗು ಅಳು ನಿಲ್ಲಿಸಿ ನೋಡಿತು.

"ಚಂದ ಉಂಟು," ಅಂದರು ಗೈಡ್ ಮೇಡಂ,
"ಆದರೆ ಯಾವ ಕಾಲಂನಲ್ಲಿ ಬರೆಯುತ್ತೀ?"

ಹನ್ನೊಂದನೆಯ ಸಲ ಅವರು ಬರಲಿಲ್ಲ. ಫೋನು ಸ್ವಿಚ್ ಆಫ್.
ಧಣಿಗಳು ಟೈಮ್‌ಕೀಪರ್ ಕೆಲಸ ಕೊಟ್ಟಿದ್ದಾರೆ,
ಸ್ಟೇಟ್‌ಬ್ಯಾಂಕಿನಲ್ಲಿ, ಪುಸ್ತಕ ಪೆನ್ನು, ಬಲಗೈ ಸಾಕು ಅಂದರು ಒಬ್ಬರು.
ಕಾಪುವಿಗೆ, ಮಗಳ ಮನೆಗೆ ಅಂದರು ಇನ್ನೊಬ್ಬರು.
ನಡುವೆ ನಿಲ್ಲಿಸಿದವರಿಗೆ ಕನ್ನಡದಲ್ಲಿ ಏನನ್ನುವುದು?
ಸಾರಾಂಶದ ಪುಟದಲ್ಲಿ ಬರೆದೆ: ಕೈಬಿಟ್ಟವರು, ಒಂದು.
ಬರೆದು, ಯಾರು ಯಾರನ್ನು ಎಂದು ತಿಳಿಯದೆ
ಅಲ್ಲೇ ಪೆನ್ನು ಊರಿ ಕೂತೆ.

ಸಂಜೆ ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ.
"ಪಿರ ಪೋಲೆ, ಪಿರ ಪೋಲೆ!"
ಕಂಡಕ್ಟರು ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ.
ನಾನು ನೋಡುತ್ತಿರುವುದು ಅವನ ಎಡಗೈ.
ಹತ್ತು, ಇಪ್ಪತ್ತು, ಐವತ್ತು.
ಕಿರುಬೆರಳು ತನ್ನ ಪಾಡಿಗೆ ತಾನು.
"ಅಕ್ಕಾ, ಚಿಲ್ಲರೆ ಕೊರ್ಲೆ."
ಮುಷ್ಟಿ ಬಿಚ್ಚಿದೆ. ನಾಣ್ಯ ಎತ್ತಿಕೊಂಡ.
ಅಂಗೈಯಲ್ಲಿ ಅದರ ದುಂಡು ಅಂಚು
ಪಂಪ್‌ವೆಲ್ ದಾಟಿದರೂ ಇತ್ತು.