ಮೂರು ಚುಕ್ಕೆ

ಜೈವಂತ ದುರ್ಗೇಕರ ಫೋನು ತಂದಿದ್ದು ಡಾಲ್ಡಾ ಡಬ್ಬಿಯಲ್ಲಿ,
ಅಕ್ಕಿಯೊಳಗೆ ಹೂತು.
ನಾಲ್ಕು ದಿನ ಆಯ್ತಂತೆ. ಕುಚ್ಚಲಕ್ಕಿ.
"ನೀರು ಕುಡಿದಿದೆ ಬಾಯೆ, ಸಿಹಿನೀರಲ್ಲ."

ಬಿಚ್ಚಿದೆ.
ಸಿಮ್ಮಿನ ಗೂಡಲ್ಲಿ ಹಸಿರು ಕಿಲುಬು,
ವೈಫೈ ಚಿಪ್ಪಿನ ಮೇಲೆ ಉಪ್ಪಿನ ಬಿಳಿ ಗೆರೆ,
ಭರತ ಇಳಿದ ಮೇಲೆ ಕಲ್ಲಿಗೆ ಉಳಿಯುವಂಥದ್ದು.
ಪರದೆ ಮಾತ್ರ ಬದುಕಿತ್ತು. ಬೆರಳಿಟ್ಟರೆ ಓಗೊಡುತ್ತಿತ್ತು.
ಕಣ್ಣಿದೆ, ಚರ್ಮವಿದೆ; ಕಿವಿ ಎರಡೂ ಹೋಗಿವೆ.

"ಹೊಸದು ತಗೊಳ್ಳಿ" ಅಂದೆ. ಎಲ್ಲರಿಗೂ ಅನ್ನುವುದೇ.
ಆತ ಪರದೆ ಒರೆಸಿ ನಕ್ಷೆ ತೆರೆದು ತೋರಿಸಿದ:
ನೀಲಿಯ ಮೇಲೆ ಮುನ್ನೂರ ಹನ್ನೆರಡು ಕೆಂಪು ಮೊಳೆ.
ಬಲೆ ಹರಿಯುವ ಕಲ್ಲು. ಮುಳುಗಿದ ಬಾರ್ಜಿನ ಬೆನ್ನು.
ಕಾರ್ತಿಕದಲ್ಲಿ ಶೆಟ್ಲಿ ಸಿಗುವ ಕೆಸರು.
ಒಂದಕ್ಕೆ "ಬೇಡ" ಎಂದಷ್ಟೇ ಹೆಸರು.
ಹೆಸರೇ ಇಲ್ಲದವೂ ಇದ್ದವು.

ಅಪ್ಪನ ಕಾಲದಲ್ಲಿ ಗುರುತೆಂದರೆ
ದೀಪಸ್ತಂಭದ ತುದಿಗೆ ಗುಡ್ಡದ ಬೋಳು ಬಂದು ಕೂರಬೇಕು,
ಎಡಕ್ಕೆ ಸದಾಶಿವಗಡ ಒಂದು ಗೇಣು ಕಾಣಬೇಕು,
ಆಗ ಲಂಗರು.
"ನನಗೆ ಅದು ಬರೋದಿಲ್ಲ" ಅಂದ, ಕಳವು ಒಪ್ಪಿಕೊಂಡವರ ದನಿಯಲ್ಲಿ.
"ಹೇಳಿಕೊಡ್ತಿದ್ದ. ಆಗ ನಾನು ಫೋನು ನೋಡ್ತಿದ್ದೆ."

ಆ ಆ್ಯಪೋ, ನೆಟ್ಟಿಲ್ಲದೆ ಒಂದು ಮೊಳೆಯನ್ನೂ ಬಿಟ್ಟುಕೊಡದು.
ಗಾಳಿಯ ದಾರಿ ಮುಚ್ಚಿತ್ತು. ಉಳಿದದ್ದು ತಂತಿ.
ರೌಟರಿನಿಂದ ಹಳದಿ ಲ್ಯಾನ್ ಕೇಬಲ್ ಎಳೆದೆ,
ತುದಿಗೆ ಅಡಾಪ್ಟರು, ಅದರ ಬಾಲ ಫೋನಿನ ಬಾಯಿಗೆ.

ಮೊದಲನೆಯದು ಬಿಳಿ. ಭಾನುವಾರದ ಸಂತೆಯದು. ದೀಪವೇ ಹತ್ತಲಿಲ್ಲ.
ತಿರುಗಿಸಿ ಚುಚ್ಚಿದೆ. ಊದಿ ಚುಚ್ಚಿದೆ.
ಸೆಟ್ಟಿಂಗಿನ ಏಳನೇ ಕೋಣೆಯಲ್ಲಿ ಓಟಿಜಿ ಎಂಬ ಗುಂಡಿ;
ಕೆಲಸ ಕಾಣದಿದ್ದರೆ ಹತ್ತೇ ನಿಮಿಷಕ್ಕೆ ತಾನಾಗಿ ಮಲಗುತ್ತದೆ,
ಥೇಟ್ ನಮ್ಮ ಗಲ್ಲಿಯ ವಾಚಮನ್.
ಒತ್ತಿದೆ.
ಎರಡನೆಯದು ಕಪ್ಪು. ದೀಪ ಹತ್ತಿತು, ಮಿಣುಕಿತು ಕೂಡ.
ಫೋನು ಹೇಳಿತು: ಯಾವುದೋ ಸಾಧನ.
ಈಥರ್ನೆಟ್ ಎಂಬ ಸಾಲು ಬೂದು ಬಣ್ಣದಲ್ಲೇ ಉಳಿಯಿತು.

"ಯಾರೋ ಬಂದಿದ್ದಾರೆ" ಎಂದು ಒಳಗೆ ಕೂಗಿ
ಬಾಗಿಲಲ್ಲಿ ನಿಂತವರಿಗೆ ಕುರ್ಚಿ ಕೊಡದ ಮಕ್ಕಳಿರುತ್ತಾರಲ್ಲ.

ಜೈವಂತ ಸ್ಟೂಲಿನ ಮೇಲೆ ಕೂತೇ ಇದ್ದ. ಚಹ ಆರಿತು.
"ಇದು ಅದನ್ನು ಯಾಕೆ ಗುರುತು ಹಿಡಿಯೋದಿಲ್ಲ?"
ಒಳಗೊಂದು ಪಟ್ಟಿ ಇರುತ್ತದೆ ಅಂದೆ, ಗೊತ್ತಿರುವವರ ಪಟ್ಟಿ,
ಕಂಪನಿಯವರು ಬರೆದಿಟ್ಟದ್ದು. ಅದರಲ್ಲಿಲ್ಲದ ಚಿಪ್ಪು
ಎಷ್ಟು ತಟ್ಟಿದರೂ ಅಷ್ಟೇ.
"ಗೇಟಿನ ಹಾಗೆ" ಅಂದ.
ಯಾವ ಗೇಟೆಂದು ಕೇಳಲಿಲ್ಲ. ಅರಗಾದ ಕಡೆ ನೋಡುತ್ತಿದ್ದ.

ಮೂರನೆಯದನ್ನು ಮುಸ್ತಾಕ ಗುಜರಿ ಡ್ರಾಯರಿನಿಂದ ತೆಗೆದ,
ಮುಚ್ಚಿದ ಯಾವುದೋ ಬ್ಯಾಂಕು ಶಾಖೆಯದು,
ಬೆನ್ನ ಮೇಲೆ ಇನ್ನೂ ನಂಬರಿನ ಚೀಟಿ.
ದೀಪ ಹತ್ತಿ ಆರಿತು. ಹತ್ತಿ ಆರಿತು.
"ಅಕ್ಕಾ, ಹಸಿವೆ ಅದಕ್ಕೆ" ಅಂದ.
ಹೌದಲ್ಲ. ಉಪ್ಪು ಕುಡಿದ ಬ್ಯಾಟರಿ ತಾನೇ ಏದುಸಿರು ಬಿಡುವಾಗ
ಇನ್ನೊಬ್ಬರಿಗೆ ಎಲ್ಲಿಂದ ಬಡಿಸೀತು?
ನಡುವೆ ಹಬ್ ಇಟ್ಟು ಗೋಡೆಯ ಕರೆಂಟು ಕೊಟ್ಟೆ.
ಓಟಿಜಿ ಮಲಗಿತ್ತು. ಎಬ್ಬಿಸಿದೆ.

ಪರದೆಯ ನೆತ್ತಿಯಲ್ಲಿ, ಸಿಗ್ನಲ್ಲಿನ ಕೋಲಿರಬೇಕಾದಲ್ಲಿ,
ಎರಡು ಬಾಣ, ನಡುವೆ ಮೂರು ಚುಕ್ಕೆ.
ಇಷ್ಟೇ ಇಷ್ಟು.
ಜೈವಂತ ಕಣ್ಣು ಕಿರಿದು ಮಾಡಿ
"ದೇವಗಡ, ಮಧ್ಯಲಿಂಗ, ಕೂರ್ಮಗಡ" ಅಂದ.
ಬೈತಖೋಲದಿಂದ ಹೊರಟರೆ ಹೀಗೇ ಕಾಣ್ತವಂತೆ.
ಕಾಣುತ್ತವೋ ಇಲ್ಲವೋ, ನಾನು ನೋಡಿಲ್ಲ. ಇಲ್ಲೇ ಹುಟ್ಟಿದವಳು.

ಮೊಳೆಗಳು ಒಂದೊಂದಾಗಿ ಏರತೊಡಗಿದವು.
ಫೋನಿನ ಬಾಯಿ ಸಡಿಲ, ಕೈ ಬಿಟ್ಟರೆ ಬಾಣ ಮಾಯ.
ಆತನೇ ವಾಯರು ಹಿಡಿದ, ಎರಡು ಬೆರಳಲ್ಲಿ,
ಗಾಳದ ದಾರ ಹಿಡಿಯುವಷ್ಟೇ ಬಿಗಿಯಾಗಿ,
ಮತ್ತೆ ಮಾತಾಡಲಿಲ್ಲ.
ನೂರ ನಲವತ್ತು. ಇನ್ನೂರ ಆರು.

ಮುನ್ನೂರ ಹನ್ನೊಂದಕ್ಕೆ ನಿಂತಿತು.
"ಯಾವುದು ಉಳೀತು?"
ನೋಡಿದೆ. "ಬೇಡ" ಎಂಬುದು.
"ಅದು ಬಿಡಿ" ಅಂದ. "ಅದು ಎಲ್ಲಿದೆ ಅಂತ ಗೊತ್ತು."

ಎಂಬತ್ತು ಕೇಳಿದೆ. ನೂರು ಕೊಟ್ಟು ಚಿಲ್ಲರೆ ಬೇಡವೆಂದ.
ಅಕ್ಕಿಯ ಡಬ್ಬಿ ಇನ್ನೂ ಕೌಂಟರಿನ ಮೇಲಿದೆ.
ಮುಸ್ತಾಕ ಮೂಸಿ ನೋಡಿ ಡೀಸೆಲ್ ವಾಸನೆ ಅಂದ.