ಮೂರನೇ ಮೆಟ್ಟಿಲು

ಪ್ರತಿ ಫೈಲಿನ ನೆತ್ತಿಯಲ್ಲೂ ಒಂದೇ ಸಾಲು:
ಇದು ಯಂತ್ರ ಬರೆದದ್ದು, ಕೈಯಿಂದ ತಿದ್ದಬೇಡಿ.
ಬರೆಸಿದವಳು ನಾನೇ, ಏಳು ವರ್ಷದ ಹಿಂದೆ,
ಬೈತಖೋಲದ ಐಸ್ ಫ್ಯಾಕ್ಟರಿಯ ಲೆಕ್ಕದ ಕೋಣೆಯಲ್ಲಿ
ಒದ್ದೆ ಬಿಲ್ಲುಗಳನ್ನು ಫ್ಯಾನಿನಡಿ ಒಣಗಲು ಬಿಟ್ಟು.

ಭರತಿ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ
ಎಂದು ಗುಣಿಸಿ ಹೇಳುವ ಪುಟ್ಟ ಪ್ರೋಗ್ರಾಮು.
ಯಾರು ಬೇಕಾದರೂ ಒಯ್ಯಿರಿ, ಬಿಚ್ಚಿ ನೋಡಿರಿ,
ಕಾಸಿಲ್ಲ, ಕೀಲಿಯಿಲ್ಲ.
ಅದು ಹೇಳುವುದು ಸರಿಯೇ ಎಂದು ಕೇಳಲಿಕ್ಕೆ
ನಾನೂರ ಹನ್ನೆರಡು ಫೈಲು,
ಒಂದೊಂದರಲ್ಲೂ ಒಂದು ತಿಂಗಳ ನೀರು,
ಚುಕ್ಕೆಯ ಆಚೆ ನಾಲ್ಕು ಅಂಕೆ.

ನಿನ್ನೆ ಯಾರೋ ಪುಣ್ಯಾತ್ಮರು
ಅಂಕೆ ದುಂಡಗೆ ಮಾಡುವ ಸೂತ್ರ ಬದಲಿಸಿದರು.
ಕಡೆಯ ಅಂಕೆ ಕೂದಲೆಳೆಯಷ್ಟು ಸರಿದು
ನಾನೂರ ಹನ್ನೆರಡೂ ಕೆಂಪು,
ಅಂಗಳಕ್ಕೆ ಹರವಿದ ಮೆಣಸಿನಕಾಯಿ.

ಮದ್ದು ಸುಲಭ. ಒಂದು ಆಜ್ಞೆ ಕೊಟ್ಟರೆ
ಅಷ್ಟೂ ಫೈಲು ಹೊಸದಾಗಿ ಹುಟ್ಟಿ ಬರುತ್ತವೆ.
ಎಲ್ಲ ಹಸಿರು.
ಕಳ್ಳನ ಕೈಯಲ್ಲೇ ಪಂಚನಾಮೆ ಬರೆಸಿದ ಹಾಗೆ.

ಅದಕ್ಕೇ ಓದುತ್ತೇನೆ. ಹಳತು ಎಡಕ್ಕೆ, ಹೊಸತು ಬಲಕ್ಕೆ.
ಇಳಿತದಲ್ಲಿ ಕಾಳಿಯ ಕೆಸರಿಗಿಳಿದು
ಬಳಚು ಹೆಕ್ಕುವವರ ಬೆರಳು ನೋಡಿದ್ದೀರಲ್ಲ,
ಕಲ್ಲು, ಕಲ್ಲು, ಚಿಪ್ಪು, ಕಲ್ಲು,
ಹಾಗೆ.

ಇನ್ನೂರ ಹದಿನೆಂಟನೆಯದರಲ್ಲಿ ಬೆರಳು ನಿಂತಿತು.
ಎಲ್ಲ ಸಾಲಿಗೂ ನಾಲ್ಕು ಅಂಕೆ, ಇದಕ್ಕೆ ಮಾತ್ರ ಎರಡು:
೨.೩೧
ಯಂತ್ರಕ್ಕೆ ಇಷ್ಟು ಮೊಂಡಾಗಿ ಬರೆಯಲು ಬರುವುದಿಲ್ಲ.

ಹಳೆಯ ದಾಖಲೆ ಕೆದಕಿದೆ. ಉಲ್ಲಾಸ ಗಿರಪ,
ಬೋಟಿನ ಇಂಜಿನ್ ರಿಪೇರಿಯವ, ರಾತ್ರಿ ನಮ್ಮ ಜೊತೆಗಾರ.
ನಾಲ್ಕು ವರ್ಷದ ಹಿಂದಿನ ಜೂನು, ನಸುಕಿನ ಎರಡೂವರೆ.
ಟೆಸ್ಟಿಗೆ ಆ ಒಂದು ದಿನ ಕಣ್ಣು ಮುಚ್ಚು ಎಂದು ಹೇಳಿ
ಅಂಕೆ ತಿದ್ದಿದ್ದಾನೆ. ಕಾರಣದ ಜಾಗದಲ್ಲಿ ಒಂದೇ ಮಾತು:
ನೋಡಿದ್ದು.

ಆ ರಾತ್ರಿ ನನಗೂ ನೆನಪಿದೆ.
ಮೇಲಿಂದ ನದಿ, ಕೆಳಗಿಂದ ಕಡಲು, ನಡುವೆ ಗಾಳಿ.
ಕೋಡಿಬಾಗದ ಧಕ್ಕೆಯ ಮೂರನೇ ಮೆಟ್ಟಿಲು ಮುಳುಗಿ
ಕಟ್ಟಿದ್ದ ಪಾತಿಗಳು ರಸ್ತೆಯ ಸಮಕ್ಕೆ ಎದ್ದು ನಿಂತಿದ್ದವು.
ಇವನು ಬ್ಯಾಟರಿ ಹಲ್ಲಿನಲ್ಲಿ ಕಚ್ಚಿಕೊಂಡು
ಟೇಪು ಇಳಿಬಿಡುತ್ತಿದ್ದ.
ಯಂತ್ರದ ಪ್ರಕಾರ ಅಂದು ೨.೦೮೭೪.
ಅದಕ್ಕೆ ಚಂದ್ರ ಗೊತ್ತು. ಗಾಳಿ ಗೊತ್ತಿಲ್ಲ.

ಫೋನು ಮಾಡಿದೆ. ಹಿಂದೆ ಸುತ್ತಿಗೆಯ ಸದ್ದು.
“ತಪ್ಪು ಹೌದು ಮಾರಾಯ್ತಿ,
ಆ ಫೈಲಿಗೆ ಕೈ ಹಾಕಬಾರದಿತ್ತು.
ಆದರೆ ನೀರು ಅಷ್ಟೇ ಇತ್ತು.”

ಆಜ್ಞೆ ಕೊಟ್ಟೆ. ನಾನೂರ ಹನ್ನೆರಡೂ ಹೊಸ ನೀರು ತುಂಬಿಕೊಂಡವು,
ಇನ್ನೂರ ಹದಿನೆಂಟೂ ಸೇರಿ.
೨.೩೧ನ್ನು ಎತ್ತಿ ಬೇರೆ ಫೈಲಿಗೆ ಹಾಕಿದೆ,
ನೆತ್ತಿಯಲ್ಲಿ ಯಾವ ಎಚ್ಚರಿಕೆಯೂ ಇಲ್ಲದ ಒಂಟಿ ಸಾಲು.
ಅದರ ಟೆಸ್ಟು ಕೆಂಪು. ಮುಚ್ಚಿಸಲಿಲ್ಲ.

ಎಲ್ಲಿಯದೋ ದೂರದವರು ಕೇಳಿದ್ದಾರೆ:
ಈ ಅಂಕೆಯನ್ನು ಯಾವ ಸ್ಕ್ರಿಪ್ಟು ಹುಟ್ಟಿಸಿತು?
ಬರೆದೆ: ಕೋಡಿಬಾಗ, ಮೂರನೇ ಮೆಟ್ಟಿಲು.
ಟೇಪು ಇನ್ನೂ ಉಲ್ಲಾಸನ ಹತ್ತಿರ ಇದೆ,
ಮೊದಲ ಎರಡು ಇಂಚು ತುಕ್ಕು.