ಮೊದಲ ಒಬ್ಬೆ

ರಾತ್ರಿ ಎರಡೂವರೆಗೆ ಕೆಳಗೆ ಭಟ್ಟಿ ಹೊತ್ತಿಕೊಳ್ಳುತ್ತದೆ.
ನನ್ನ ಕೆಲಸ ಸರದಿಯಲ್ಲಿ ನೂರ ಹದಿನೇಳನೆಯದು.

ಯಂತ್ರ ಇರುವುದು ಇಲ್ಲಲ್ಲ. ನಾನದನ್ನು ಕಂಡೇ ಇಲ್ಲ.
ಎಲ್ಲೋ ಒಂದು ತಣ್ಣನೆಯ ಹಜಾರದಲ್ಲಿ
ಬೀರುಗಳ ಹಾಗೆ ಸಾಲಾಗಿ ನಿಂತಿದೆಯಂತೆ,
ನೀರು ಕುಡಿಯುತ್ತದಂತೆ, ಗುಂಯ್ ಅನ್ನುತ್ತದಂತೆ.
ನನ್ನ ಪಾಲಿಗೆ ಅದು ಕಪ್ಪು ಪರದೆ, ಮಿಟುಕುವ ಒಂದು ಗೆರೆ,
ಫೋನಿನಿಂದ ಎರವಲು ತಂದ ಇಂಟರ್ನೆಟ್ಟು,
ಒಂಬತ್ತು ಲಕ್ಷ ಗಂಟೆಗಳ ಮಂಜೂರಾತಿ ಪತ್ರ.
ಅದರಲ್ಲಿ ಏಳು ಲಕ್ಷ ಈಗಾಗಲೇ ಹೊಗೆ.

ಹಗಲು ಬಿಎಸ್ಸಿ ಮಕ್ಕಳಿಗೆ ಲೋಲಕ ತೂಗಿಸುತ್ತೇನೆ,
ಅತಿಥಿ ಉಪನ್ಯಾಸಕಿ; ಆರು ವರ್ಷದಿಂದ ಅತಿಥಿ.
ರಾತ್ರಿ, ದಾವಣಗೆರೆಯ ಈ ಭಟ್ಟಿ ಓಣಿಯ ಮಹಡಿಯಲ್ಲಿ
ವಿಶ್ವದ ಒಂದು ಪೆಟ್ಟಿಗೆ ತೆಗೆದು ಕೂರುತ್ತೇನೆ.
ಮಗ್ಗುಲಿಗೆ ಹತ್ತು ಕೋಟಿ ಬೆಳಕಿನ ವರ್ಷ.
ಎಡಗೋಡೆ ದಾಟಿದ್ದು ಬಲಗೋಡೆಯಿಂದ ಮತ್ತೆ ಒಳಕ್ಕೆ,
ಗಾಂಧಿ ಸರ್ಕಲ್ಲಿನ ಸಿಟಿ ಬಸ್ಸಿನಂತೆ.

ಕಾಣದ ದ್ರವ್ಯ ಮೊದಲು ಹೆಪ್ಪುಗಟ್ಟುತ್ತದೆ,
ಮುಚ್ಚಿದ ಹತ್ತಿ ಗಿರಣಿಯ ಸೂರಿಗೆ ಇನ್ನೂ ಜೋತ
ನೂಲಿನ ಧೂಳಿನ ಹಾಗೆ, ಎಳೆ ಎಳೆ.
ಎಳೆ ಕೂಡಿದ ಗಂಟಿಗೆ ಅನಿಲ ಜಾರುತ್ತದೆ,
ಜಾರಿದಲ್ಲಿ ತಣಿಯುತ್ತದೆ, ತಣಿದಲ್ಲಿ ತಾರೆ.
ಇಲ್ಲಿಯವರೆಗೆ ಲೆಕ್ಕ.
ಆಮೇಲೆ ಒಂದು ಸಣ್ಣ ಸುಳ್ಳು.

ಕಪ್ಪುಕುಳಿ ಹುಟ್ಟುವುದು ಹೇಗೆಂದು ನನ್ನ ಕೋಡಿಗೆ ಗೊತ್ತಿಲ್ಲ.
ಗಂಟು ಇಷ್ಟು ದಪ್ಪವಾದರೆ ನಟ್ಟನಡುವೆ
ಒಂದನ್ನು ನೆಟ್ಟುಬಿಡು ಎಂದು ಬರೆದಿದ್ದೇನೆ.
ಬೀಜ ಅನ್ನುತ್ತೇವೆ ಅದಕ್ಕೆ, ನಾಚದೆ.
ಅದು ತಿನ್ನುತ್ತದೆ. ತಿನ್ನುತ್ತ ಸುತ್ತಲೆಲ್ಲ ಉರಿಸುತ್ತದೆ.
ಆ ಉರಿಯಲ್ಲಿ ನೂರಕ್ಕೆ ಎಷ್ಟು ಪಾಲು ಅನಿಲಕ್ಕೆ ತಾಗಬೇಕು?
ಆ ಒಂದು ಅಂಕಿ; ನನ್ನ ನಾಲ್ಕು ವರ್ಷ.
ಹತ್ತು ಅಂದರೆ ಅನಿಲವೆಲ್ಲ ಚೆದರಿ
ಗೆಲಾಕ್ಸಿ ಕಣ್ಣು ಬಿಡುವ ಮೊದಲೇ ಬರಿದು.
ಒಂದು ಅಂದರೆ ಬೆಲ್ಲಕ್ಕೆ ಇರುವೆ ಮುತ್ತಿದಂತೆ ತಾರೆ,
ಯಾವ ದೂರದರ್ಶಕವೂ ಕಂಡಿರದ ಉಂಡೆ.
ಐದಕ್ಕೆ ಸರಿ.
ಐದೇ ಏಕೆ, ಎಂದರು ಮಾರ್ಗದರ್ಶಕರು.
ಐದಕ್ಕೆ ಸರಿಹೋಗುತ್ತದೆ ಸರ್, ಅಂದೆ.
ಫೋನಿನ ಆ ಬದಿ ಬಹಳ ಹೊತ್ತು ಬರೀ ಫ್ಯಾನು ತಿರುಗಿತು.

ಮೂರೂ ಹತ್ತಕ್ಕೆ ಸರದಿ ಬಂತು.
ಮೂರೂ ಹದಿನಾಲ್ಕಕ್ಕೆ ಕೆಲಸ ಸತ್ತಿತು.
ಎರಡು ಕೋಟಿ ಕಣಗಳಲ್ಲಿ ಒಂದು,
ಒಂದೇ ಒಂದು, ಕುಳಿಯ ತೀರ ಹತ್ತಿರ ಹೋಗಿ
ಕಾಲದ ಹೆಜ್ಜೆಯನ್ನು ಸೊನ್ನೆಗೆ ಇಳಿಸಿತ್ತು.

ಚಪ್ಪಲಿ ಹುಡುಕಿ ಕೆಳಗಿಳಿದೆ.

ಜುಲೇಖಾಬಿ ಒಲೆಗೆ ಹೊಟ್ಟು ಸುರಿಯುತ್ತಿದ್ದಳು.
ಬಾಣಲೆಯಲ್ಲಿ ಮರಳು ಕರ್ರಗೆ, ಕುದಿಯದೆ ಕುದಿಯುತ್ತ.
"ಯಾಕ್ರೀ ಟೀಚರ್ರ, ನಿದ್ದಿ ಇಲ್ಲೇನು?"
ಮರಳು ಹದಕ್ಕೆ ಬಂದದ್ದು ಹೇಗೆ ಗೊತ್ತಾಗುತ್ತದೆ, ಎಂದೆ.
ವಾಸನೆ ಅನ್ನುತ್ತಾಳೆ, ಬಣ್ಣ ಅನ್ನುತ್ತಾಳೆ,
ಕೈಯ ಗುಟ್ಟೊಂದು ಬಿಚ್ಚುತ್ತಾಳೆ ಎಂದುಕೊಂಡಿದ್ದೆ,
ಪ್ರಬಂಧದ ಮುನ್ನುಡಿಗೆ ಒಪ್ಪುವಂಥದ್ದು.

"ಎಲ್ಲಿ ಗೊತ್ತಾಗ್ತೈತ್ರೀ? ಮೊದಲ ಒಬ್ಬೆ ಹಾಕೋದು.
ಸುಡ್ತೈತಿ, ಇಲ್ಲಾ ಅರಳೋದೇ ಇಲ್ಲ.
ಅದು ಕೋಳಿಗೆ."
ದಿನಾ?
"ದಿನಾ. ಮೂವತ್ತು ವರ್ಸಾತು. ಮರಳು ದಿನಾ ಬ್ಯಾರೆ."

ಅಂದವಳೇ ಮೊರ ಕೊಡವಿದಳು. ಚಟಚಟ, ಮುಗಿಯಿತು,
ಒಂದು ಉಸಿರಿನೊಳಗೆ ಬಾಣಲೆ ತುಂಬ ಬೆಳ್ಳಗೆ;
ಜರಡಿಯಿಂದ ಮರಳು ಹಿಂದಕ್ಕೆ, ಬಾಣಲೆಗೇ.
ಕಾಗದದ ಪೊಟ್ಟಣದಲ್ಲಿ ಬಿಸಿ ಮಂಡಕ್ಕಿ ಕೊಟ್ಟಳು,
ಐದು ರೂಪಾಯಿ ಬೇಡವೆಂದಳು, ಆಮೇಲೆ ತೆಗೆದುಕೊಂಡಳು.

ಏಳು ಲಕ್ಷ ಗಂಟೆ ತಿನ್ನುವ ಕೋಳಿ ನನಗೆಲ್ಲಿದೆ?

ಮೇಲೆ ಬಂದು, ಉಪ್ಪಿನ ಬೆರಳಲ್ಲೇ,
ಕೋಡಿನಲ್ಲಿ ಆ ಅಂಕಿಯ ಪಕ್ಕ ಒಂದು ಸಾಲು ಸೇರಿಸಿದೆ:
ಐದು. ಏಕೆಂದು ಗೊತ್ತಿಲ್ಲ.
ಮತ್ತೆ ಕಳಿಸಿದೆ. ಸರದಿ: ಇನ್ನೂರ ಮೂರು.

ಕಿಟಕಿಯಲ್ಲಿ ಹೊಗೆ; ಈ ಓಣಿಗೆ ನಕ್ಷತ್ರ ಕಾಣುವುದೇ ಅಪರೂಪ.
ಹಲ್ಲಿಗೊಂದು ಅರಳದ ಕಾಳು ಸಿಕ್ಕಿತು, ಕಟುಮ್ ಎಂದು.
ಹಿತ್ತಲಲ್ಲಿ ಕೋಳಿಗಳು ಆಗಲೇ
ಪರಸ್ಪರ ತಳ್ಳಾಡುತ್ತಿದ್ದವು.